ಮೂವತ್ತೊಂದರಿಂದ ಮೂವತ್ತೇಳು

ಎಂಟು ವಾರ ಇಂಗ್ಲಿಷ್ ಪಾಠ ಮಾಡಿ ಮುಗಿಸಿದ ಮೇಲೆ, ಆ ಎಂಟು ವಾರಗಳಲ್ಲಿ ತಾನು ಏನು ಕಲಿತೆ ಎಂದು ಅವಳು ಒಂದು ವರದಿ ಬರೆದುಕೊಡಬೇಕಿತ್ತು. ಬರೆದುಕೊಡುವುದು ಎಂದರೆ ನಕಲು ಮಾಡಿಕೊಡುವುದು. ಹೋದ ವರ್ಷದವರ ವರದಿ ಸ್ಟಾಫ್ ರೂಮಿನ ಬೀರುವಿನಲ್ಲಿತ್ತು. ಅದು ಅದರ ಹಿಂದಿನ ವರ್ಷದವರದ್ದರ ನಕಲು. ಅದರಲ್ಲಿ ಎಲ್ಲರೂ ಮಾರ್ಗದರ್ಶಕ ಶಿಕ್ಷಕಿಯಿಂದ ತಾಳ್ಮೆ ಕಲಿತಿದ್ದರು, ಮಕ್ಕಳಿಂದ ಪ್ರೀತಿ ಕಲಿತಿದ್ದರು, ಶಾಲೆಯಿಂದ ಶಿಸ್ತು ಕಲಿತಿದ್ದರು. ಹತ್ತು ವರ್ಷಗಳಲ್ಲಿ ಆ ಶಾಲೆಗೆ ತರಬೇತಿಗೆಂದು ಬಂದುಹೋದ ಒಬ್ಬರೂ ಬೇರೇನನ್ನೂ ಕಲಿತಿರಲಿಲ್ಲ.

ಇವಳು ಕಲಿತಳು. ತಕರಾರು ಶುರುವಾದದ್ದೇ ಅಲ್ಲಿಂದ.

ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ರಕ್ತ, ಕೀವು, ವಾಂತಿ ಮೆತ್ತಿದ ಹಾಸುಬಟ್ಟೆಗಳನ್ನು ವಿಂಗಡಿಸಿ ಒಗೆಯುವ ಯಂತ್ರದ ಡ್ರಮ್ಮಿಗೆ ಹಾಕುವುದು. ನೀರು ಕುಡಿದು ಹೆಣಭಾರವಾದವನ್ನು ಎಳೆದು ತೆಗೆಯುವುದು. ಇಬ್ಬರು ಎರಡು ತುದಿ ಹಿಡಿದು ಕೊಡವಿ, ಇಸ್ತ್ರಿಯ ಕಾದ ರೋಲರಿನ ಬಾಯಿಗೆ ಕೊಡುವುದು. ಅವಳ ಬಲಗೈಯ ಮೊಣಕೈವರೆಗೂ ಸುಟ್ಟ ಗೆರೆಗಳಿದ್ದವು, ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ಡ್ರಮ್ಮುಗಳ ಸದ್ದಿನಲ್ಲಿ ಪಕ್ಕದವಳಿಗೆ ಒಂದು ಮಾತು ಹೇಳಬೇಕೆಂದರೂ ಕೂಗಬೇಕು. ಹಾಗಾಗಿ ಗಂಟಲು ದೊಡ್ಡದು. ಬೆಳಗಿನ ಪಾಳಿ ಮುಗಿಸಿ, ಕೈಗಂಟಿದ ಸೋಪಿನ ವಾಸನೆಯ ಸಮೇತ ಸಂಜೆ ಕಾಲೇಜಿಗೆ ಹೋಗಿ, ಮೊದಲು ಡಿಗ್ರಿ ಮಾಡಿದಳು, ಆಮೇಲೆ ಶಿಕ್ಷಕರ ತರಬೇತಿಗೆ ಸೇರಿದಳು. ಐದು ವರ್ಷದ ಸಂಜೆಗಳು. ಲಾಂಡ್ರಿಯ ಹೆಂಗಸರು ಅವಳಿಗೆ ಟೀಚರಮ್ಮ ಎಂದು ಹೆಸರಿಟ್ಟರು. ಅರ್ಧ ತಮಾಷೆಗೆ, ಅರ್ಧ ಆಸೆಗೆ.

ಕೊನೆಯದಾಗಿ ಉಳಿದದ್ದು ಈ ಎಂಟು ವಾರದ ಪಾಠಾಭ್ಯಾಸ. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಎರಡರಿಂದ ಲಾಂಡ್ರಿ. ಶಾಲೆಯಲ್ಲಿ ಅವಳನ್ನು ನೋಡಿಕೊಳ್ಳಲು ಒಬ್ಬ ಇಂಗ್ಲಿಷ್ ಶಿಕ್ಷಕಿಯನ್ನು ನೇಮಿಸಿದ್ದರು. ಎಲ್ಲರೂ ಆಕೆಯನ್ನು ಗೈಡ್ ಮೇಡಂ ಎನ್ನುತ್ತಿದ್ದರು. ಗೈಡ್ ಮೇಡಂ ವರದಿಯ ಕೊನೆಯ ಪುಟದಲ್ಲಿ ಸಹಿ ಹಾಕಿದರೆ ಟೀಚರಮ್ಮ ನಿಜವಾಗಿಯೂ ಟೀಚರ್. ಹಾಕದಿದ್ದರೆ ಐದು ವರ್ಷದ ಸಂಜೆಗಳು ನೀರುಪಾಲು.

ಮೊದಲ ದಿನವೇ ಗೈಡ್ ಮೇಡಂ ಕೇಳಿದರು.

"ಹಗಲು ಬ್ಯಾಚಾ, ಈವ್ನಿಂಗ್ ಬ್ಯಾಚಾ?"

"ಈವ್ನಿಂಗ್ ಮೇಡಂ."

"ಗೊತ್ತಾಯ್ತು ಬಿಡು. ಬಾಯಿ ಬಿಟ್ಟ ಕೂಡ್ಲೇ ಗೊತ್ತಾಯ್ತು. ಹಗಲೆಲ್ಲ ಏನ್ ಮಾಡ್ತೀಯ?"

ಸುಳ್ಳು ಹೇಳಬಹುದಿತ್ತು. ಟೀಚರಮ್ಮನಿಗೆ ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ. ನಿಜವನ್ನೇ ಹೇಳಿದಳು.

ಅಂದಿನಿಂದ ಅವಳ ಹೆಸರು ಈವ್ನಿಂಗ್ ಬ್ಯಾಚ್ ಎಂದಾಯಿತು. ಹಗಲು ಬ್ಯಾಚಿನ ಐದು ಜನ ತರಬೇತಿಯವರಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ. ಇವಳಿಗೆ ಬೀರುವಿನ ಪಕ್ಕ, ಹರಿದ ಭೂಪಟಗಳನ್ನು ಸುತ್ತಿಟ್ಟ ಮೂಲೆಯಲ್ಲಿ ಒಂದು ಸ್ಟೂಲು. ಎರಡನೇ ವಾರ ಶಾಲೆಯ ಕಿಟಕಿ ಪರದೆಗಳನ್ನೆಲ್ಲ ಬಿಚ್ಚಿಸಿ, ಗಂಟು ಕಟ್ಟಿಸಿ, ಅವಳ ಮುಂದೆ ಇಟ್ಟರು. "ನಿಮ್ಮಲ್ಲಿ ದೊಡ್ಡ ಮಿಷನ್ ಇರುತ್ತಲ್ಲ, ಒಂದು ಸಲ ಹಾಕಿ ಇಸ್ತ್ರಿ ಮಾಡಿ ತಂದುಬಿಡು. ನಿಂಗೆ ಅದೇನು ಮಹಾ." ಗಂಟನ್ನು ತಲೆಯ ಮೇಲೆ ಹೊತ್ತು ಅವಳು ಶಾಲೆಯ ಗೇಟು ದಾಟುವಾಗ, ಅರ್ಧ ಗಂಟೆ ಮುಂಚೆ ಅವಳಿಗೆ ಎದ್ದುನಿಂತು ಗುಡ್ ಮಾರ್ನಿಂಗ್ ಹೇಳಿದ ಮಕ್ಕಳು ನೋಡುತ್ತಿದ್ದರು. ಗೈಡ್ ಮೇಡಂ ಊಟದ ಡಬ್ಬಿಯನ್ನೂ ಅವಳೇ ತೊಳೆದಳು. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನೂ ಅವಳೇ ತಿದ್ದಿದಳು. ಮೂರನೇ ವಾರ ತರಗತಿಯ ಬಾಗಿಲಲ್ಲಿ ನಿಂತು ಗೈಡ್ ಮೇಡಂ ಮಕ್ಕಳ ಎದುರಿಗೇ ಹೇಳಿದರು: "ಯಾಕಮ್ಮ ಹಾಗೆ ಕಿರುಚ್ತೀಯ? ಇದೇನು ಲಾಂಡ್ರಿನಾ? ಇಂಗ್ಲಿಷ್ ಅಂದ್ರೆ ಮೆತ್ತಗೆ ಬರಬೇಕು, ತುಟಿಯಿಂದ." ಮುಂದಿನ ಬೆಂಚು ನಕ್ಕಿತು. ಟೀಚರಮ್ಮ ದನಿ ತಗ್ಗಿಸಿದಳು. ಎಷ್ಟು ತಗ್ಗಿಸಿದಳೆಂದರೆ ಹಿಂದಿನವರಿಗೆ ಏನೂ ಕೇಳಿಸಲಿಲ್ಲ.

ಹಿಂದೆ ಯಾರೂ ಇರಲೂ ಇಲ್ಲ, ಬಿಡಿ.

ಆ ತರಗತಿಯಲ್ಲಿ ಮೂವತ್ತೇಳು ಮಕ್ಕಳು. ಹಾಜರಿ ಪಟ್ಟಿಯಲ್ಲಿ ಒಂದರಿಂದ ಮೂವತ್ತರವರೆಗೆ ಅಕ್ಷರಮಾಲೆಯ ಕ್ರಮ. ಆಮೇಲೆ ಮತ್ತೆ ಮೊದಲಿನಿಂದ ಅಕ್ಷರಮಾಲೆ, ಮೂವತ್ತೊಂದರಿಂದ ಮೂವತ್ತೇಳರವರೆಗೆ. ಏಕೆಂದರೆ ಆ ಏಳು ಮಕ್ಕಳು ಕಸ ಗುಡಿಸುವವರ ಸಾಲುಮನೆಗಳಿಂದ ಬರುವವರು. ಅವರ ಹೆಸರುಗಳನ್ನು ಕೊನೆಗೆ ಸೇರಿಸುವುದು ಆ ಶಾಲೆಯ ಪದ್ಧತಿ. ಗುಮಾಸ್ತ ಅದನ್ನು "ಅನುಕೂಲಕ್ಕೆ" ಎನ್ನುತ್ತಿದ್ದ. ಯಾರ ಅನುಕೂಲಕ್ಕೆ ಎಂದು ಯಾರೂ ಕೇಳಿರಲಿಲ್ಲ.

ಮೂರನೇ ಪೀರಿಯಡ್ ಮುಗಿದರೆ ವಿರಾಮ. ವಿರಾಮದಲ್ಲಿ ನಾನೂರು ಮಕ್ಕಳು ಶೌಚಾಲಯಕ್ಕೆ ಹೋಗುತ್ತಾರೆ. ಆಮೇಲೆ ಅದನ್ನು ತೊಳೆಯಬೇಕು. ಆಮೇಲೆ ಎಂದರೆ ನಾಲ್ಕನೇ ಪೀರಿಯಡ್. ಈ ತರಗತಿಗೆ ನಾಲ್ಕನೇ ಪೀರಿಯಡ್ ಇಂಗ್ಲಿಷ್. ಆ ಏಳು ಮಕ್ಕಳಿಗೆ ಶಾಲೆ "ಸ್ವಚ್ಛತಾ ಟೀಮ್" ಎಂದು ಹೆಸರು ಕೊಟ್ಟಿತ್ತು. ಎದೆಗೆ ಒಂದು ಹಸಿರು ರಿಬ್ಬನ್ ಕೂಡ ಚುಚ್ಚಿತ್ತು. ಶಾಲೆಯ ವಾರ್ಷಿಕ ವರದಿಯಲ್ಲಿ ಅದಕ್ಕೆ "ನಾಯಕತ್ವ ತರಬೇತಿ" ಎಂಬ ತಲೆಬರಹವಿತ್ತು. ಬಕೆಟ್ಟು, ಬ್ರಷ್ಷು, ಬ್ಲೀಚಿಂಗ್ ಪೌಡರು ಹಿಡಿದ ಏಳು ನಾಯಕರು.

"ಬೆಲ್ ಹೊಡೆದ ಕೂಡ್ಲೇ ಟೀಮನ್ನ ಕಳಿಸಬೇಕು. ಇಂಗ್ಲಿಷ್‌ನಲ್ಲೇ ಹೇಳು, ಅವಕ್ಕೂ ಒಂದು ವಾಕ್ಯ ಕಲಿತ ಹಾಗಾಗುತ್ತೆ," ಎಂದಿದ್ದರು ಗೈಡ್ ಮೇಡಂ.

ಟೀಚರಮ್ಮ ಹಿಂದಿನ ರಾತ್ರಿ ಆ ವಾಕ್ಯವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಎಲ್ಲಿ ಒತ್ತು ಕೊಡಬೇಕು, ತುಟಿ ಎಷ್ಟು ತೆರೆಯಬೇಕು. ಮೊದಲ ದಿನ ಒಂದು ತಪ್ಪೂ ಇಲ್ಲದೆ ಹೇಳಿದಳು. "ಟೀಮ್, ಯೂ ಮೇ ಗೋ." ಏಳು ಮಕ್ಕಳು ಎದ್ದು ಹೋದರು. ತಪ್ಪಿಲ್ಲದೆ ಹೇಳಿದೆನಲ್ಲ ಎಂದು ಅವಳಿಗೆ ಖುಷಿಯಾಗಿತ್ತು. ಆಮೇಲೆ ಆ ಖುಷಿಯನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನ್ನಿಸುತ್ತಿತ್ತು. ಏಕೆಂದರೆ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅವಳೂ ಒಂದು ಬಕೆಟ್ ಹಿಡಿದವಳೇ. ಬೇರೆ ಶಾಲೆ, ಬೇರೆ ಬಕೆಟ್ಟು, ಅದೇ ಇಂಗ್ಲಿಷ್ ಪೀರಿಯಡ್. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಸಂಜೆ ಕಾಲೇಜಿನ ಬೆಂಚಿನ ಮೇಲೆ ಕೂತು, ಬೇರೆಯವರು ಏಳನೇ ವಯಸ್ಸಿಗೆ ಕಲಿತದ್ದನ್ನು ಕಲಿಯಬೇಕಾಗಿ ಬಂದದ್ದು ಅದಕ್ಕೇ.

ಗೊತ್ತಿದ್ದೂ ಹೇಳಿದಳು. ಮೂವತ್ತೆಂಟು ಸಲ.

ಅವಳು ಮಾಡಿದ ಒಂದೇ ಒಂದು ತಪ್ಪು, ಶಾಲೆಯವರ ಲೆಕ್ಕದಲ್ಲಿ, ಬೇರೆಯದು. ತರಬೇತಿ ಕಾಲೇಜು ಕೊಟ್ಟ ಕೈಪಿಡಿಯಲ್ಲಿ ಒಂದು ಸಾಲಿತ್ತು: ಪ್ರತಿ ಪೀರಿಯಡ್ಡಿನ ಹಾಜರಿಯನ್ನು ತರಬೇತಿಯವರೇ ಪ್ರತ್ಯೇಕ ಪುಸ್ತಕದಲ್ಲಿ ಗುರುತಿಸಬೇಕು. ಆ ಕೈಪಿಡಿಯನ್ನು ಓದಿದವರು ಯಾರೂ ಇಲ್ಲ. ಬರೆದವರೂ ಓದಿರಲಾರರು. ಟೀಚರಮ್ಮ ಓದಿದ್ದಳು, ಎರಡು ಸಲ, ಪೆನ್ಸಿಲ್ಲಿನಲ್ಲಿ ಅಡಿಗೆರೆ ಎಳೆದು. ಎಲ್ಲಿ ಏನು ತಪ್ಪಿಹೋಗುತ್ತದೋ ಎಂಬ ಭಯ ಅವಳಿಗೆ ಉಸಿರಾಟದ ಹಾಗೆ. ದಿನವೂ ನಾಲ್ಕನೇ ಪೀರಿಯಡ್ಡಿನಲ್ಲಿ, ಟೀಮನ್ನು ಕಳಿಸಿದ ಮೇಲೆ, ತರಗತಿಯನ್ನು ಎಣಿಸಿ ಪುಸ್ತಕ ತುಂಬುತ್ತಿದ್ದಳು. ಕೂತವರಿಗೆ ಒಂದು ಗೆರೆ. ಇಲ್ಲದವರಿಗೆ ಒಂದು ಸೊನ್ನೆ. ವಾರಕ್ಕೆ ಒಂದು ಪುಟ. ಪ್ರತಿ ಪುಟದ ಕೆಳಗೆ ಏಳು ಸಾಲು ಸೊನ್ನೆ. ಅದರಲ್ಲಿ ಯಾವ ಪ್ರತಿಭಟನೆಯೂ ಇರಲಿಲ್ಲ. ಇಲ್ಲದವರನ್ನು ಇದ್ದಾರೆ ಎಂದು ಬರೆಯಲು ಅವಳಿಗೆ ಹೆದರಿಕೆಯಾಗಿತ್ತು, ಅಷ್ಟೇ.

ಐದನೇ ವಾರ ತರಬೇತಿ ಕಾಲೇಜಿನಿಂದ ಒಬ್ಬ ಸರ್ ಪಾಠ ನೋಡಲು ಬಂದರು. ಅಂದು ಅವರು ಒಳಬರುವ ಮುಂಚೆ ಅವಳಿಂದ ಅದೇ ವಾಕ್ಯ ಹೇಳಿಸಿ, ಏಳೂ ಮಕ್ಕಳನ್ನು ಆಟದ ಸಾಮಾನಿನ ಕೋಣೆಗೆ ಕಳಿಸಿ ಚೆಂಡು ಒರೆಸಲು ಹೇಳಿದ್ದರು. ಸರ್ ಎಂಟು ನಿಮಿಷ ಕೂತರು. ಅದರಲ್ಲಿ ಮೂರು ನಿಮಿಷ ಫೋನು. ಖಾಲಿ ಬೆಂಚುಗಳನ್ನು ನೋಡಿ "ತರಗತಿ ಗಾಳಿ ಬೆಳಕಿನಿಂದ ಕೂಡಿದೆ" ಎಂದು ಬರೆದು ಹೋದರು.

ಆರನೇ ವಾರ, ವಿರಾಮ ಮುಗಿಯುವ ಹೊತ್ತಿಗೆ, ನಲ್ಲಿಯ ಹತ್ತಿರ ಮೂವತ್ನಾಲ್ಕನೇ ನಂಬರಿನ ಹುಡುಗಿ ಬಕೆಟ್ ತುಂಬಿಸುತ್ತಿದ್ದಳು. ಹನ್ನೆರಡು ವರ್ಷದವಳು, ತುಂಬಿದ ಬಕೆಟ್ಟಿಗಿಂತ ಸ್ವಲ್ಪ ಎತ್ತರ. ಬೆರಳುಗಳ ತುದಿಯಲ್ಲಿ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ಟೀಚರಮ್ಮ ಅಂಥ ಬೆರಳುಗಳನ್ನು ನೋಡಿದ್ದಳು. ಮನೆಯಲ್ಲಿ, ದಿನಾ, ಅಮ್ಮನ ಕೈಯಲ್ಲಿ.

"ಕೈಗೆ ಏನಾಯ್ತೇ?"

"ಪೌಡರ್ ಮಿಸ್. ರಜಾ ಬಂದ್ರೆ ಸರಿಹೋಗುತ್ತೆ."

"ಎಷ್ಟು ದಿನದಿಂದ ಮಾಡ್ತಿದ್ದೀಯ?"

"ನಾಲ್ಕನೇ ಕ್ಲಾಸಿಂದ." ಈಗ ಅವಳು ಏಳನೇ ಕ್ಲಾಸು. ಬಕೆಟ್ಟನ್ನು ಎರಡೂ ಕೈಯಿಂದ ಎತ್ತಿ, ಮತ್ತೆ ಕೆಳಗಿಟ್ಟಳು. "ಮಿಸ್, ಒಂದ್ ಕೇಳ್ಲಾ? ಬೈಯಬಾರ್ದು."

"ಕೇಳು."

"ನೀವು ಯಾವ ಸಬ್ಜೆಕ್ಟ್ ಮಿಸ್?"

ಆ ಹುಡುಗಿಯ ದನಿಯಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ಆರು ವಾರದಿಂದ ಅವಳ ಶಿಕ್ಷಕಿಯಾಗಿದ್ದವಳು ಏನು ಕಲಿಸುತ್ತಾಳೆ ಎಂದು ತಿಳಿದುಕೊಳ್ಳುವಷ್ಟು ಹೊತ್ತೂ ಅವಳನ್ನು ಯಾರೂ ಒಳಗೆ ಕೂರಿಸಿರಲಿಲ್ಲ. ಟೀಚರಮ್ಮ "ಇಂಗ್ಲಿಷ್" ಎಂದಳು. ಹುಡುಗಿ "ಓ" ಎಂದು, ಅದು ದೂರದ ಯಾವುದೋ ಸಂಬಂಧಿಕರ ಹೆಸರೆಂಬಂತೆ ತಲೆಯಾಡಿಸಿ, ಬಕೆಟ್ಟನ್ನು ಮೊಣಕಾಲಿಗೆ ತಾಗಿಸಿಕೊಂಡು ನಡೆದಳು. ನೀರು ತುಳುಕಿ ಅವಳ ಚಪ್ಪಲಿ ಒದ್ದೆಯಾಯಿತು.

ಅಂದು ಟೀಚರಮ್ಮ ಧೈರ್ಯ ಮಾಡಿ ಗೈಡ್ ಮೇಡಂ ಹತ್ತಿರ ಹೋದಳು. ಹೋಗುವ ಮುಂಚೆ ಮಾತನ್ನು ನಾಲ್ಕು ಸಲ ಮನಸ್ಸಿನಲ್ಲಿ ಉರು ಹೊಡೆದಿದ್ದಳು.

"ಮೇಡಂ, ಆ ಕ್ಲೀನಿಂಗು... ಎಲ್ಲಾ ಮಕ್ಕಳೂ ಸರದಿ ಮೇಲೆ ಮಾಡಬಹುದಲ್ವಾ?"

ಗೈಡ್ ಮೇಡಂ ಕನ್ನಡಕ ತೆಗೆದು ಒರೆಸಿದರು. "ಮುಂದಿನ ಬೆಂಚಿನ ಮಗೂಗೆ ಬಕೆಟ್ ಕೊಡು ನೋಡೋಣ. ಅರ್ಧ ಗಂಟೇಲಿ ಅದರಪ್ಪ ಇಲ್ಲಿರ್ತಾನೆ, ವಕೀಲನ್ನ ಕರ್ಕೊಂಡು. ಇವರ ಅಪ್ಪ ಅಮ್ಮಂದಿರು ಒಪ್ಪಿ ಸಹಿ ಹಾಕಿದ್ದಾರೆ. ಅವರಿಗಿಲ್ಲದ ಹೊಟ್ಟೆನೋವು ನಿಂಗ್ಯಾಕೆ?"

"ಹಾಗಲ್ಲ ಮೇಡಂ, ಅವರಿಗೆ ಇಂಗ್ಲಿಷ್..."

"ಇಂಗ್ಲಿಷ್ ಕಲಿತು? ಪೊರಕೆ ಜೊತೆ ಮಾತಾಡ್ತಾರಾ?"

ಸ್ಟಾಫ್ ರೂಮು ನಕ್ಕಿತು. ಹಗಲು ಬ್ಯಾಚಿನ ಐದೂ ಜನ ನಕ್ಕರು. ಟೀಚರಮ್ಮ "ಸರಿ ಮೇಡಂ" ಎಂದಳು. ಮಾರನೇ ದಿನ ಬೆಲ್ ಹೊಡೆದಾಗ ಮತ್ತೆ ಅದೇ ವಾಕ್ಯ. ಅಂಥ ಬಾಯಿ ಇದ್ದರೆಷ್ಟು, ಹೋದರೆಷ್ಟು.

ಕೊನೆಯ ಶುಕ್ರವಾರ ಸಹಿಗೆಂದು ಎಲ್ಲ ಪುಸ್ತಕಗಳನ್ನೂ ಒಪ್ಪಿಸಿದಳು. ಹಾಜರಿ ಪುಸ್ತಕವನ್ನೂ ಸೇರಿಸಿ, ಅಚ್ಚುಕಟ್ಟಾಗಿ ರಟ್ಟು ಹಾಕಿ. ಒಂದು ಗಂಟೆಯೊಳಗೆ ಹೆಡ್‌ಮಾಸ್ಟರ ಕೋಣೆಯಿಂದ ಕರೆ ಬಂತು. ಗೈಡ್ ಮೇಡಂ ಅಲ್ಲೇ ನಿಂತಿದ್ದರು. ಹೆಡ್‌ಮಾಸ್ಟರು ಪುಸ್ತಕವನ್ನು ಎರಡು ಬೆರಳಿನಲ್ಲಿ ಹಿಡಿದಿದ್ದರು, ಸತ್ತ ಇಲಿಯ ಬಾಲ ಹಿಡಿದ ಹಾಗೆ.

"ಏನಮ್ಮ ಇದು? ಕೋಳಿ ಮೊಟ್ಟೆ ಇಟ್ಟ ಹಾಗೆ ಇಟ್ಟಿದ್ದೀಯಲ್ಲ ಸಾಲಾಗಿ?"

"ಗೈರುಹಾಜರಿ ಸರ್."

"ಯಾರು ಗೈರು? ಮಕ್ಕಳು ಶಾಲೇಲೇ ಇದ್ವಲ್ಲ?"

"ಶಾಲೇಲಿ ಇದ್ರು ಸರ್. ಕ್ಲಾಸಲ್ಲಿ ಇರ್ಲಿಲ್ಲ."

"ನಮ್ಮ ರಿಜಿಸ್ಟರಲ್ಲಿ ನೂರಕ್ಕೆ ನೂರು ಹಾಜರಿ ಇದೆ. ನಿನ್ನ ಪುಸ್ತಕದಲ್ಲಿ ಇನ್ನೂರ ಅರವತ್ತಾರು ಸೊನ್ನೆ. ಮೇಡಂ ಎಣಿಸಿದ್ದಾರೆ. ಎರಡೂ ಒಟ್ಟಿಗೆ ಕಾಲೇಜಿಗೆ ಹೋದ್ರೆ ಜನ ಏನಂದ್ಕೋತಾರೆ? ಬಕೆಟ್ ಹಿಡಿಯೋದೂ ಶಿಕ್ಷಣಾನೇ ಕಣಮ್ಮ. ಶ್ರಮದ ಗೌರವ."

ಹಾಗಾದರೆ ಒಂದರಿಂದ ಮೂವತ್ತರವರೆಗಿನವರಿಗೆ ಆ ಗೌರವ ಯಾಕಿಲ್ಲ ಎಂದು ಟೀಚರಮ್ಮ ಕೇಳಲಿಲ್ಲ. ಆ ಪ್ರಶ್ನೆ ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ, ನಾಲ್ಕು ಸ್ಟಾಪು ದಾಟಿದ ಮೇಲೆ. ಅವಳಿಗೆ ಒಳ್ಳೆಯ ಮಾತುಗಳೆಲ್ಲ ಹೊಳೆಯುವುದು ಬಸ್ಸಿನಲ್ಲೇ.

ಹೆಡ್‌ಮಾಸ್ಟರು ಡ್ರಾಯರ್ ಎಳೆದು ಒಂದು ಹೊಸ ರಬ್ಬರು ತೆಗೆದು ಮೇಜಿನ ಮೇಲಿಟ್ಟರು. "ಪುಣ್ಯಕ್ಕೆ ಪೆನ್ಸಿಲ್ಲಲ್ಲಿ ಬರೆದಿದ್ದೀಯ. ಶನಿವಾರ ಭಾನುವಾರ ಇದೆ. ಎಲ್ಲಾ ಅಳಿಸಿ ಗೆರೆ ಹಾಕ್ಕೊಂಡು ಬಾ. ಸೋಮವಾರ ಬೀಳ್ಕೊಡುಗೆ ಮುಗಿದ ಕೂಡ್ಲೇ ಮೇಡಂ ಸಹಿ ಹಾಕ್ತಾರೆ."

"ಮೇಜಿನ ಬಟ್ಟೆಗಳನ್ನೂ ತಗೊಂಡ್ಹೋಗು. ಸೋಮವಾರಕ್ಕೆ ಇಸ್ತ್ರಿ ಆಗಬೇಕು," ಎಂದರು ಗೈಡ್ ಮೇಡಂ.

"ಸರಿ ಸರ್. ಸರಿ ಮೇಡಂ."

ಭಾನುವಾರ ಮಧ್ಯಾಹ್ನ ಅವಳು ಮನೆಯ ನೆಲದ ಮೇಲೆ ಕೂತು ಅಳಿಸಲು ಶುರು ಮಾಡಿದಳು. ಒಂದೇ ಕೋಣೆಯ ಮನೆ, ಬಾಗಿಲು ತೆರೆದರೆ ಓಣಿ. ಅಮ್ಮ ಹೊಸ್ತಿಲ ಮೇಲೆ ಕೂತು ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಇಪ್ಪತ್ತಾರು ವರ್ಷ ಅದೇ ಆಸ್ಪತ್ರೆಯ ನೆಲ ಒರೆಸಿದ ಕೈಗಳು. ಈಗ ಮುಷ್ಟಿ ಕಟ್ಟಲು ಬರುವುದಿಲ್ಲ. ಲೋಟ ಹಿಡಿಯಲು ಎರಡೂ ಅಂಗೈ ಬೇಕು.

ಮೊದಲ ಪುಟ ಅಳಿಸಿಯಾಯಿತು. ಮೂವತ್ತೈದು ಸೊನ್ನೆ. ಆದರೆ ಅವಳು ಪೆನ್ಸಿಲ್ಲನ್ನು ಒತ್ತಿ ಬರೆಯುವವಳು. ಕಪ್ಪು ಹೋದರೂ ಕಾಗದದ ಮೇಲೆ ಗುಳಿಗಳು ಉಳಿದವು. ಬೆಳಕಿಗೆ ಹಿಡಿದರೆ ಮೂವತ್ತೈದೂ ಕಾಣುತ್ತಿದ್ದವು.

"ಏನೇ ಅದು, ಅಷ್ಟು ಹೊತ್ತಿಂದ ತಿಕ್ತಾ ಇದ್ದೀಯ? ಲಾಂಡ್ರಿ ಕೆಲಸ ಮನೇಗೂ ತಂದ್ಯಾ?"

ಟೀಚರಮ್ಮ ಹೇಳಿದಳು. ಸೊನ್ನೆಯ ವಿಷಯ, ರಬ್ಬರಿನ ವಿಷಯ, ಸಹಿಯ ವಿಷಯ. ಅಮ್ಮ ಬಯ್ಯುತ್ತಾಳೆ, ಇಂಥ ಕೆಲಸ ಮಾಡಬೇಡ ಅನ್ನುತ್ತಾಳೆ ಎಂದು ಅವಳು ಒಳಗೊಳಗೆ ಕಾಯುತ್ತಿದ್ದಳು. ಅಮ್ಮ ಹಾಗೇನೂ ಅನ್ನಲಿಲ್ಲ.

"ಅಳಿಸು. ಅದರಲ್ಲೇನಿದೆ? ಅಳಿಸಿ ಸಹಿ ಹಾಕಿಸ್ಕೋ. ಈ ಕೈ ನೋಡು. ನಿನ್ನ ಕೈ ಹೀಗಾಗೋದು ಬೇಡ. ಆ ಮಕ್ಕಳಿಗೆ ಅವರ ತಾಯಂದಿರಿದ್ದಾರೆ."

"ಅವರ ತಾಯಂದಿರೇ ಸಹಿ ಹಾಕಿ ಕೊಟ್ಟಿದ್ದಾರಂತಮ್ಮ."

ಅಮ್ಮನ ಕೈ ನಿಂತಿತು. "ನಾನೂ ಹಾಕಿದ್ದೆ," ಎಂದಳು.

"ಏನು?"

"ನಿನ್ನ ಶಾಲೇಲಿ. ಒಂದು ಕಾಗದ ಕೊಟ್ರು. ನಿನ್ನ ಮಗಳನ್ನ ಟೀಮಿಗೆ ಆರಿಸಿದ್ದೀವಿ, ರಿಬ್ಬನ್ ಕೊಡ್ತೀವಿ ಅಂದ್ರು. ನನಗೆ ಓದಕ್ಕೆ ಬರುತ್ತಾ? ಹೆಬ್ಬೆಟ್ಟು ಒತ್ತಿದೆ. ಆರಿಸಿದ್ದಾರೆ ಅಂದ ಕೂಡ್ಲೇ ಎದೆ ಉಬ್ಬಿತು ಕಣೇ. ಓಣಿಗೆಲ್ಲ ಹೇಳ್ಕೊಂಡು ಬಂದಿದ್ದೆ, ನನ್ನ ಮಗಳನ್ನ ಆರಿಸಿದ್ದಾರೆ ಅಂತ."

ಗೋಡೆಯ ಮೊಳೆಯಲ್ಲಿ ಟ್ರಂಕಿನ ಬೀಗದ ಕೈ ನೇತಾಡುತ್ತಿತ್ತು. ಅದಕ್ಕೆ ಕಟ್ಟಿದ್ದು ಒಂದು ಮಾಸಿದ ನೀಲಿ ರಿಬ್ಬನ್. ಇಪ್ಪತ್ತು ವರ್ಷದಿಂದ ಟೀಚರಮ್ಮ ಆ ಬೀಗದ ಕೈ ಮುಟ್ಟಿದ್ದಳು. ಅದು ಯಾವ ರಿಬ್ಬನ್ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಶಾಲೆಯಲ್ಲಿ ನೀಲಿ, ಈ ಶಾಲೆಯಲ್ಲಿ ಹಸಿರು. ಬಣ್ಣ ಬದಲಾಯಿಸುವಷ್ಟು ಕಷ್ಟಪಟ್ಟಿದ್ದರು, ಪಾಪ.

ಅಮ್ಮ ಮತ್ತೆ ಎಣ್ಣೆ ತಿಕ್ಕಿಕೊಳ್ಳಲು ಶುರು ಮಾಡಿದಳು. "ಅಳಿಸು ಅಂದೆನಲ್ಲ" ಎಂದಳು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಟೀಚರಮ್ಮ ರಬ್ಬರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಚೀಲದಿಂದ ಪೆನ್ನು ತೆಗೆದಳು. ಮೊದಲ ಪುಟದ ಗುಳಿಗಳ ಮೇಲೆ ಒಂದೊಂದಾಗಿ ಶಾಯಿಯಲ್ಲಿ ಸೊನ್ನೆ ತಿದ್ದಿದಳು. ಆಮೇಲೆ ಎರಡನೇ ಪುಟ. ಒಂದೆರಡು ಸೊನ್ನೆ ಸೊಟ್ಟಗಾದವು. ಸೊಟ್ಟಗಾದದ್ದಕ್ಕೂ ಅವಳಿಗೆ ಬೇಜಾರಾಯಿತು. ಎಂಟನೇ ಪುಟ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಅಮ್ಮ ಚಹಾ ತಂದು ಪಕ್ಕದಲ್ಲಿಟ್ಟಳು. ಎರಡೂ ಅಂಗೈಯಲ್ಲಿ ಹಿಡಿದು, ಒಂದು ತೊಟ್ಟೂ ಚೆಲ್ಲದೆ.

ಸೋಮವಾರ ಸಭಾಂಗಣದಲ್ಲಿ ಬೀಳ್ಕೊಡುಗೆ. ವೇದಿಕೆಯ ಮೇಲೆ ಅವಳೇ ಇಸ್ತ್ರಿ ಮಾಡಿ ತಂದ ಮೇಜಿನ ಬಟ್ಟೆ, ಅದರ ಹಿಂದೆ ಹೆಡ್‌ಮಾಸ್ಟರು, ಗೈಡ್ ಮೇಡಂ, ತರಬೇತಿ ಕಾಲೇಜಿನ ಸರ್. ಕೆಳಗೆ ಮಕ್ಕಳು. ಹಿಂದಿನ ಬಾಗಿಲ ಹತ್ತಿರ ಏಳು ಮಕ್ಕಳು ನಿಂತಿದ್ದರು, ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಲು. ಮೂವತ್ನಾಲ್ಕರ ಕೈಯಲ್ಲಿ ಪೊರಕೆ.

ತರಬೇತಿಯವರು ಒಬ್ಬೊಬ್ಬರಾಗಿ ಮೈಕಿಗೆ ಬಂದು, ತಾವು ಕಲಿತದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಹಗಲು ಬ್ಯಾಚಿನವರು ಹೇಳಿದರು. ಮೇಡಂನಿಂದ ತಾಳ್ಮೆ. ಮಕ್ಕಳಿಂದ ಪ್ರೀತಿ. ಶಾಲೆಯಿಂದ ಶಿಸ್ತು. ಐದು ಜನ, ಒಂದೇ ಬಾಯಿ. ಗೈಡ್ ಮೇಡಂ ಐದು ಸಲವೂ ಮೊದಲ ಸಲ ಕೇಳಿದವರಂತೆ ನಾಚಿಕೊಂಡರು. ಕಾಲೇಜಿನ ಸರ್ ಆಕಳಿಕೆಯನ್ನು ಚಪ್ಪಾಳೆಯಲ್ಲಿ ಮುಚ್ಚಿದರು.

ಕೊನೆಗೆ ಈವ್ನಿಂಗ್ ಬ್ಯಾಚನ್ನು ಕರೆದರು.

ಟೀಚರಮ್ಮ ಮೈಕಿನ ಹತ್ತಿರ ಹೋದಳು. ಭಾಷಣದ ಹಾಳೆ ಅವಳ ಹತ್ತಿರ ಇರಲಿಲ್ಲ. ಹಾಜರಿ ಪುಸ್ತಕವಿತ್ತು. ಅದನ್ನು ಬಿಚ್ಚಿ ಕೂಗಿದಳು.

"ರೋಲ್ ನಂಬರ್ ಒನ್."

ಮುಂದಿನ ಸಾಲಿನಿಂದ ಅಭ್ಯಾಸಬಲದಿಂದ ಒಂದು ದನಿ ಬಂತು. "ಪ್ರೆಸೆಂಟ್ ಮಿಸ್."

"ಟೂ."

"ಪ್ರೆಸೆಂಟ್ ಮಿಸ್."

ಹೆಡ್‌ಮಾಸ್ಟರು ಮುಗುಳ್ನಕ್ಕು ಕಾಲೇಜಿನ ಸರ್ ಕಿವಿಯಲ್ಲಿ "ಪ್ರಾತ್ಯಕ್ಷಿಕೆ" ಎಂದರು. ಸರ್ ತಲೆದೂಗಿದರು. ಮೂವತ್ತರವರೆಗೂ ದನಿಗಳು ಸಾಲಾಗಿ ಬಂದವು.

"ಥರ್ಟಿ ಒನ್."

ಬಾಗಿಲ ಹತ್ತಿರ ಒಬ್ಬ ಹುಡುಗ ಪಕ್ಕದವನ ಮುಖ ನೋಡಿದ. ಅವನ ನಂಬರನ್ನು ಈ ಭಾಷೆಯಲ್ಲಿ ಯಾರೂ ಕರೆದಿರಲಿಲ್ಲ. ಅದು ತಾನೇ ಎಂದು ಅವನಿಗೆ ಗೊತ್ತಾಗಲಿಲ್ಲ.

"ಥರ್ಟಿ ಟೂ. ಥರ್ಟಿ ತ್ರೀ."

ಗೈಡ್ ಮೇಡಂ ಮುಖದ ನಗು ಹೋಯಿತು.

"ಥರ್ಟಿ ಫೋರ್."

ಪೊರಕೆ ಹಿಡಿದ ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. ಅವಳು ಬೆರಳು ಮಡಿಸಿ ಎಣಿಸಿಕೊಂಡಿದ್ದಳು. ಕತ್ತು ಎತ್ತಿ, ಸ್ಪಷ್ಟವಾಗಿ ಹೇಳಿದಳು.

"ಆಬ್ಸೆಂಟ್, ಮಿಸ್."

ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಎದುರಿಗೇ ನಿಂತು ಆಬ್ಸೆಂಟ್ ಅನ್ನುವ ದಡ್ಡಿ. ಟೀಚರಮ್ಮ ನಗು ನಿಲ್ಲುವವರೆಗೂ ಕಾದಳು. ಆಮೇಲೆ ಇಂಗ್ಲಿಷ್ ಬಿಟ್ಟಳು.

"ಸರಿಯಾದ ಉತ್ತರ. ಈ ಏಳು ಜನ ಮೂವತ್ತೆಂಟು ದಿನ ನನ್ನ ಕ್ಲಾಸಲ್ಲಿ ಇರಲಿಲ್ಲ. ನೀವು ಹೋಗಿ ಬಂದ ಕಕ್ಕಸು ತೊಳೀತಾ ಇದ್ರು. ನಾಲ್ಕನೇ ಕ್ಲಾಸಿಂದ ತೊಳೀತಾ ಇದ್ದಾರೆ. ದಿನಾ ಅವರನ್ನ ಕಳಿಸಿದ್ದು ನಾನೇ. ಈ ಶಾಲೇಲಿ ನಾನು ಕಲಿತದ್ದು ಅದೊಂದೇ..."

ಮೈಕು ಸತ್ತಿತು. ಹೆಡ್‌ಮಾಸ್ಟರ ಕೈ ಗೋಡೆಯ ಸ್ವಿಚ್ಚಿನ ಮೇಲಿತ್ತು. ಮೈಕು ಆರಿಸಿದರೆ ಮಾತು ಆರುತ್ತದೆ ಎಂದು ಅವರು ನಂಬಿದ್ದರು. ಇಡೀ ಜೀವನದಲ್ಲಿ ಅವರು ಮೈಕಿಲ್ಲದೆ ಯಾರಿಗೂ ಏನೂ ಹೇಳಿದವರಲ್ಲ. ಆದರೆ ಟೀಚರಮ್ಮ ಹನ್ನೊಂದು ವರ್ಷ ಆರು ಡ್ರಮ್ಮುಗಳ ಸದ್ದಿನ ಮೇಲೆ ಮಾತಾಡಿದವಳು. ಮೂರನೇ ವಾರದಿಂದ ಗಂಟಲಲ್ಲಿ ಅದುಮಿಟ್ಟುಕೊಂಡಿದ್ದ ದನಿಯನ್ನು ಅವಳು ಬಿಟ್ಟಳು.

"ಯಾರನ್ನ ಹೇಗೆ ಹೊರಗೆ ಕಳಿಸೋದು ಅಂತ ಕಲಿತೆ! ಅದಕ್ಕೆ ರಿಬ್ಬನ್ ಕಟ್ಟೋದು ಹೇಗೆ ಅಂತ ಕಲಿತೆ! ಆಮೇಲೆ ರಬ್ಬರು ಕೊಟ್ಟು ಅಳಿಸು ಅಂದ್ರು, ಅದನ್ನ ಮಾತ್ರ ಕಲೀಲಿಲ್ಲ! ಶಾಯೀಲಿ ಬರೆದಿದ್ದೀನಿ, ಇನ್ನೂರ ಅರವತ್ತಾರು! ಬೇಕಾದವರು ಬಂದು ಎಣಿಸ್ಕೊಳ್ಳಿ!"

ಕಿಟಕಿಯ ಗಾಜು ಅದುರಿತು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದವರು ಇಬ್ಬರು ನಿಂತು ಒಳಗೆ ಇಣುಕಿದರು. ಸಭಾಂಗಣದಲ್ಲಿ ಯಾರೂ ನಗಲಿಲ್ಲ.

"ಥರ್ಟಿ ಫೈವ್!" ಎಂದು ಕೂಗಿದಳು. "ಆಬ್ಸೆಂಟ್ ಮಿಸ್" ಎಂದ ಒಬ್ಬ ಹುಡುಗ, ಪೊರಕೆಯವಳನ್ನು ನೋಡಿ ಕಲಿತು. ಮೂವತ್ತಾರು, ಮೂವತ್ತೇಳು. ಕೊನೆಗೆ, ತಪ್ಪಿಹೋದ ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು ಕೂಡ, ಕೇಳದೆಯೇ, ಒಂದರ ಹಿಂದೊಂದು ಹೇಳಿದವು. ಟೀಚರಮ್ಮ ಪುಸ್ತಕವನ್ನು ಕಾಲೇಜಿನ ಸರ್ ಮುಂದೆ, ತಾನೇ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಇಟ್ಟು ಕೆಳಗಿಳಿದಳು.

ಅಂಗಳದಲ್ಲಿ ಸರ್ ಅವಳ ಹಿಂದೆ ಬಂದರು. ಪುಸ್ತಕ ಕಂಕುಳಲ್ಲಿತ್ತು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು. "ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ. ಆದ್ರೆ ವೇದಿಕೆ ಸರಿ ಇರ್ಲಿಲ್ಲ. ನನ್ನ ಹತ್ತಿರ ಮೊದಲೇ ಹೇಳಬಹುದಿತ್ತಲ್ಲ?"

"ನೀವು ಎಂಟು ನಿಮಿಷ ಇದ್ರಿ ಸರ್," ಎಂದಳು ಟೀಚರಮ್ಮ. ಇದು ಬಸ್ಸಿಗೆ ಮುಂಚೆಯೇ ಹೊಳೆದ ಮೊದಲ ಮಾತು.

ಗೈಡ್ ಮೇಡಂ ಬಾಗಿಲಿನಿಂದ ಕೂಗಿ ಹೇಳಿದರು, ಮೆತ್ತಗೆ ಅಲ್ಲ, ತುಟಿಯಿಂದಲೂ ಅಲ್ಲ. "ಸಹಿಗೆ ಅಂತ ನನ್ನ ಹತ್ತಿರ ಬರಬೇಡ! ಜನ್ಮದಲ್ಲಿ ಹಾಕಲ್ಲ! ಹೋಗಿ ಬಟ್ಟೆ ಒಗಿ!"

ಗೇಟಿನ ಹತ್ತಿರ ಮೂವತ್ನಾಲ್ಕು ನಿಂತಿದ್ದಳು. 

"ಮಿಸ್, ನಾಳೆ ಇಂಗ್ಲಿಷ್ ಯಾರು?"

"ಮೇಡಮ್ಮೇ."

"ನಾನು ಏಳಲ್ಲ ಮಿಸ್. ಕೂತಿರ್ತೀನಿ."

"ಬಯ್ತಾರೆ ಕಣೇ. ಎಬ್ಬಿಸ್ತಾರೆ."

"ಎಬ್ಬಿಸ್ಲಿ," ಎಂದಳು ಹುಡುಗಿ. ಅವಳ ಎದೆಯ ಮೇಲೆ ರಿಬ್ಬನ್ ಇರಲಿಲ್ಲ. ಪಿನ್ನು ಚುಚ್ಚಿದ ಎರಡು ತೂತು ಮಾತ್ರ ಇದ್ದವು.

ಬಸ್ಸಿನಲ್ಲಿ ಟೀಚರಮ್ಮನಿಗೆ ಭಯ ಶುರುವಾಯಿತು. ಆ ಹುಡುಗಿಯನ್ನು ನಾಳೆ ಏನು ಮಾಡುತ್ತಾರೋ. ತಾನು ಎರಡು ಗಂಟೆಗೆ ಲಾಂಡ್ರಿಯಲ್ಲಿರುತ್ತೇನೆ, ಅವಳು ಅಲ್ಲೇ ಇರುತ್ತಾಳೆ. ಹೇಳಿದ್ದು ಸರಿಯೋ, ಹೇಳಿದ ರೀತಿ ಸರಿಯೋ. ಅಮ್ಮನಿಗೆ ಏನು ಹೇಳುವುದು. ಯೋಚನೆ ಒಂದು ಕಡೆ ನಿಲ್ಲಲಿಲ್ಲ. ಆದರೆ ಅಳಿಸಬೇಕಿತ್ತು ಎಂದು ಒಂದು ಸಲವೂ ಅನ್ನಿಸಲಿಲ್ಲ. ಅದು ಅವಳಿಗೇ ಆಶ್ಚರ್ಯ.

ಲಾಂಡ್ರಿಯಲ್ಲಿ ಡ್ರಮ್ಮುಗಳು ತಿರುಗುತ್ತಿದ್ದವು. ಹಿರಿಯವಳಾದ ಡ್ರಮ್ಮಿನ ಅಕ್ಕ ಒದ್ದೆ ಹಾಸುಬಟ್ಟೆಯ ಒಂದು ತುದಿಯನ್ನು ಇವಳ ಕಡೆ ಎಸೆದು ಕೂಗಿದಳು.

"ಏನ್ ಟೀಚರಮ್ಮ, ಮುಗೀತಾ? ಪಾಸಾ?"

"ಸಹಿ ಹಾಕಲ್ಲ ಅಂದ್ರಕ್ಕ!"

"ಯಾಕಂತೆ?"

"ದೊಡ್ಡದಾಗಿ ಮಾತಾಡಿದೆ!"

"ಇಷ್ಟೇನಾ? ಇಲ್ಲಿಗೆ ಬಂದು ಮಾತಾಡಕ್ಕೆ ಹೇಳು ಆಯಮ್ಮಂಗೆ, ಒಂದು ಗಂಟೆ!"

ಇಬ್ಬರೂ ಎರಡು ತುದಿ ಹಿಡಿದು ಕೊಡವಿದರು. ನೀರು ಮುಖಕ್ಕೆ ಹಾರಿತು.

ಚಹಾದ ಬಿಡುವಿನಲ್ಲಿ ಟೀಚರಮ್ಮ ಗಾಡಿಯ ಮೇಲೆ ಮಡಿಸಿಟ್ಟ ಬಟ್ಟೆಗಳ ರಾಶಿಯನ್ನೇ ಮೇಜು ಮಾಡಿಕೊಂಡು ವರದಿಯ ನಮೂನೆ ತೆಗೆದಳು. ಕೈ ಒರೆಸಿಕೊಂಡಳು. ಮೊದಲ ಪ್ರಶ್ನೆ: ಈ ಅವಧಿಯಲ್ಲಿ ನೀವು ಏನು ಕಲಿತಿರಿ? ಅವಳು ಬರೆದಳು. ಬಕೆಟ್ಟು, ಪೌಡರು, ಬೆರಳು, ರಿಬ್ಬನ್, ರಬ್ಬರು. ತಾನು ಮೂವತ್ತೆಂಟು ಸಲ ಹೇಳಿದ ವಾಕ್ಯವನ್ನೂ ಬರೆದಳು. ಯಾವುದನ್ನೂ ಬಿಡಲಿಲ್ಲ. ಯಾರ ವರದಿಯನ್ನೂ ನೋಡಲಿಲ್ಲ. ಜಾಗ ಸಾಲದೆ ಹಾಳೆಯ ಅಂಚಿನಲ್ಲೂ ಬರೆದಳು.

ಕೊನೆಯ ಪುಟದ ತಳದಲ್ಲಿ ಒಂದು ಖಾಲಿ ಗೆರೆ ಉಳಿದಿತ್ತು. ಅದರ ಕೆಳಗೆ ಅಚ್ಚಾಗಿತ್ತು: ಮಾರ್ಗದರ್ಶಕ ಶಿಕ್ಷಕರ ಸಹಿ.

ಟೀಚರಮ್ಮ ಅದನ್ನು ಒಂದು ಕ್ಷಣ ನೋಡಿದಳು. ಆಮೇಲೆ ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದ ಹಾಗೆಯೇ, ಪೆನ್ನನ್ನು ಒತ್ತಿ ಹಿಡಿದು, ಆ ಗೆರೆಯ ಮೇಲೆ ಒಂದು ದುಂಡನೆಯ ಸೊನ್ನೆ ಹಾಕಿದಳು.